ಹನ್ನೊಂದು ತಿಂಗಳ ಖೋಲಿ ಮತ್ತು ನಮ್ಮ ಕೆಲಸಗಾರರು



ಕೆಲಸಗಾರರು ನಿಲ್ಲುವುದಿಲ್ಲ ಎಂಬ ಮಾತು ನಮ್ಮಲ್ಲಿ ಇಬ್ಬರು ಸೇರಿದರೆ ಬಂದೇ ಬರುತ್ತದೆ. ಸಂಬಳ, ಬೋನಸ್ ಎಲ್ಲ ಚರ್ಚೆಯಾಗುತ್ತದೆ. ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವವರು ಕಡಿಮೆ.

ಮುಂಬಯಿಯಲ್ಲಿ ನಮ್ಮ ಹಿರಿಯರು ನೆಲೆ ನಿಂತದ್ದು ಹೇಗೆಂದು ನೋಡಿ. ಊರಿನಿಂದ ಬಂದ ಹುಡುಗ ಮೊದಲು ಹೋಟೇಲಿನಲ್ಲೇ ಬೆಂಚು ಜೋಡಿಸಿ ಮಲಗುತ್ತಿದ್ದ. ಚಾಳಿನಲ್ಲಿ ಒಂದು ಖೋಲಿ ಸಿಕ್ಕಿದ ಮೇಲೆಯೇ ಹೆಂಡತಿ ಮಕ್ಕಳು ಬಂದದ್ದು. ಖೋಲಿ ಚಿಕ್ಕದು, ಸಂಡಾಸು ಎಲ್ಲರಿಗೂ ಒಂದೇ. ಆದರೆ ವಿಳಾಸ ಮೂವತ್ತು ವರ್ಷ ಬದಲಾಗಲಿಲ್ಲ. ರೇಷನ್ ಕಾರ್ಡು, ಮಕ್ಕಳ ಶಾಲೆ, ಬ್ಯಾಂಕಿನ ಖಾತೆ ಎಲ್ಲವೂ ಆ ಒಂದು ವಿಳಾಸದ ಮೇಲೆ ನಿಂತವು.

ಇದಕ್ಕೆ ಕಾರಣ 1947ರ ಬಾಡಿಗೆ ನಿಯಂತ್ರಣ ಕಾಯಿದೆ. (ಅದರ ಪೂರ್ಣ ಹೆಸರಿನಲ್ಲಿ ಹೋಟೇಲು, ಲಾಡ್ಜು ಕೂಡ ಇದ್ದವು!) ಹಳೆಯ ಕಟ್ಟಡಗಳ ಬಾಡಿಗೆಯನ್ನು ಅದು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಮಾಲಕರಿಗೆ ರಿಪೇರಿ ಮಾಡಿಸುವ ಮನಸ್ಸು ಹೋಯಿತು, ಕಟ್ಟಡಗಳು ಶಿಥಿಲವಾದವು, ಪಗಡಿ ವ್ಯವಹಾರ ಬೆಳೆಯಿತು. ಪಗಡಿ ಜಾಗದಲ್ಲಿ ಹೋಟೇಲು ನಡೆಸುವವರಿಗೆ ಇದರ ಎರಡೂ ಮುಖ ಗೊತ್ತು.

2000ದ ಮಾರ್ಚ್ 31ರಿಂದ ಹೊಸ ಕಾಯಿದೆ ಬಂತು. ಈಗ ಹೊಸಬರಿಗೆ ಸಿಗುವುದು ಲೀವ್ ಎಂಡ್ ಲೈಸೆನ್ಸ್, ಅದೂ ಹೆಚ್ಚಾಗಿ ಹನ್ನೊಂದು ತಿಂಗಳಿಗೆ. ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ದರೆ ದುಪ್ಪಟ್ಟು ಕೊಡಬೇಕಾಗುತ್ತದೆ. ಜೂನ್ 1ಕ್ಕೆ ಹೊಕ್ಕವನು ಏಪ್ರಿಲ್ ಕೊನೆಗೆ ಬಿಡಬೇಕು. ಮುಂದಿನ ಖೋಲಿ ಮಾರ್ಚ್ ಕೊನೆಗೆ, ಅದರ ಮುಂದಿನದು ಫೆಬ್ರವರಿ ಕೊನೆಗೆ. ಮಗುವಿನ ಪರೀಕ್ಷೆಯ ಹೊತ್ತಿಗೇ ಗಂಟುಮೂಟೆ! ಪ್ರತಿ ಸಲ ದಲ್ಲಾಳಿಗೆ ಹಣ, ಟೆಂಪೋ ಬಾಡಿಗೆ, ಹೆಚ್ಚಿನ ಡಿಪಾಸಿಟ್. ಕಡಿಮೆ ಬಾಡಿಗೆ ಹುಡುಕುತ್ತ ವಿರಾರ್, ಕಲ್ಯಾಣ ದಾಟಬೇಕು. ಬೆಳಿಗ್ಗೆ ಐದಕ್ಕೆ ಇಡ್ಲಿ ಇಡಬೇಕಾದ ಅಡುಗೆಯವನು ಅಲ್ಲಿಂದ ಹೇಗೆ ಬಂದಾನು? ಕೊನೆಗೆ ಸಂಸಾರವನ್ನು ಊರಿಗೆ ಕಳುಹಿಸಿ ಮಾಳದ ಮೇಲೆ ಮಲಗುತ್ತಾನೆ. ಮೇ ತಿಂಗಳಲ್ಲಿ ಊರಿಗೆ ಹೋದವನು ಬಂದರೆ ಬಂದ. 2020ರ ಲಾಕ್‌ಡೌನ್ ಮುಗಿದಾಗ ನನ್ನ ಹೋಟೇಲಿಗೆ ಮೊದಲು ಬಂದವರು ಇಲ್ಲೇ ಸಂಸಾರ ಇದ್ದವರು.

ಹನ್ನೊಂದೇ ತಿಂಗಳಿಗೆ ಮಾಡಬೇಕೆಂದು ಕಾನೂನು ಹೇಳಿಲ್ಲ. ಮಹಾರಾಷ್ಟ್ರದಲ್ಲಿ 60 ತಿಂಗಳವರೆಗೂ ಲೈಸೆನ್ಸ್ ಕರಾರು ನೋಂದಾಯಿಸಬಹುದು. ಹನ್ನೊಂದು ತಿಂಗಳದ್ದಾದರೂ ನೋಂದಣಿ ಕಡ್ಡಾಯ, ಅದರ ಜವಾಬ್ದಾರಿ ಜಾಗದ ಮಾಲಕನದು. ನಾನು ಇಬ್ಬರು ಅಡುಗೆಯವರಿಗೆ ಮೂರು ವರ್ಷದ ಕರಾರು ಮಾಡಿಸಿದ್ದೇನೆ. ಡಿಪಾಸಿಟ್ ನಾನು ಕೊಟ್ಟೆ, ತಿಂಗಳು ತಿಂಗಳು ಸ್ವಲ್ಪ ಹಿಡಿಯುತ್ತೇನೆ. ದಾನವೇನೂ ಅಲ್ಲ, ಹೊಸ ಅಡುಗೆಯವನನ್ನು ಹುಡುಕಿ ಕೈ ತಿದ್ದುವ ಖರ್ಚಿಗಿಂತ ಇದು ಕಡಿಮೆ.

ಮಾಡುವುದಾದರೆ ಕರಾರು ಕೆಲಸಗಾರನ ಹೆಸರಿನಲ್ಲೇ ಇರಲಿ. ನಮ್ಮ ಹೆಸರಿನಲ್ಲಿದ್ದರೆ ನಮ್ಮ ಕೆಲಸ ಬಿಟ್ಟ ದಿನ ಅವನ ಮನೆಯೂ ಹೋಗುತ್ತದೆ, ವಿಳಾಸದ ದಾಖಲೆಯೂ ಸಿಗುವುದಿಲ್ಲ. ವರ್ಷಕ್ಕೆ ಬಾಡಿಗೆ ಎಷ್ಟು ಏರುವುದು, ಅವಧಿಗೆ ಮೊದಲು ಬಿಡಿಸುವಂತಿಲ್ಲ ಎಂಬ ಎರಡು ಮಾತನ್ನು ಕಾಗದದಲ್ಲಿ ಬರೆಸಿಯೇ ಸಹಿ ಹಾಕಿಸಿ. ಡಿಪಾಸಿಟ್ಟನ್ನು ಚೆಕ್ಕಿನಲ್ಲೇ ಕೊಡಿ.