ಮಗ್ಗದ ಊರಿನಲ್ಲಿ ಹೋಮ್ ಥಿಯೇಟರ್

ತೇರದಾಳ, ರಬಕವಿ, ಬನಹಟ್ಟಿಗಳ ನೇಕಾರ ಓಣಿಗಳಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ನಡೆಯುವ ವಿದ್ಯುನ್ಮಗ್ಗಗಳ ಖಟಖಟ ಶಬ್ದವು ಜನಜೀವನದೊಡನೆ ಎಷ್ಟು ಬೆರೆತುಹೋಗಿದೆಯೆಂದರೆ, ಅದು ತಟ್ಟನೆ ನಿಂತೊಡನೆ ಒಳಗೆ ಮಲಗಿರುವ ಮುದುಕಿಯೂ ಕಣ್ಣು ತೆರೆಯದೆಯೇ ‘ಕರೆಂಟ್ ಹೋತು’ ಎಂದು ಹೇಳಬಲ್ಲಳು. ಕಬ್ಬಿನ ಹಂಗಾಮು ಬಂದಿತೆಂದರೆ ಇದಕ್ಕೆ ಮತ್ತೊಂದು ಕೂಡಿಕೊಳ್ಳುತ್ತದೆ: ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಧ್ವನಿಪೆಟ್ಟಿಗೆಗಳು ಹಗಲಿರುಳೆನ್ನದೆ ಹಾಡುತ್ತ ಸಾಗುತ್ತವೆ. ಶಬ್ದಕ್ಕೆ ಬರವೆಂಬುದೇ ಇಲ್ಲದ ಇಂಥ ಸೀಮೆಯಲ್ಲಿ, ಮೂವತ್ತು ನಲವತ್ತು ಸಾವಿರ ರೂಪಾಯಿಗಳ ಆಜೂಬಾಜೂ ದೊರೆಯುವ ಹೋಮ್ ಥಿಯೇಟರ್ ರಿಸೀವರನ್ನು ಕೊಂಡು ತಂದು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದವರ ಅನುಭವಗಳು, ಪಟ್ಟಣದ ಅಂಗಡಿಯ ಹವಾನಿಯಂತ್ರಿತ ಕೊಠಡಿಯಲ್ಲಿ ಅದೇ ಯಂತ್ರವನ್ನು ಕೇಳಿ ಮೆಚ್ಚಿದವರ ಅನುಭವಗಳಿಗಿಂತ ಬೇರೆಯಾಗಿರುವುದು ಸಹಜವೇ ಸರಿ.

ರಿಸೀವರ್ ಎಂಬ ಈ ಕರಿಯ ಪೆಟ್ಟಿಗೆಯ ಕೆಲಸವನ್ನು ಅರಿಯದವರಿಗಾಗಿ ಎರಡು ಮಾತು ಹೇಳುವುದುಚಿತ. ಚಲಚ್ಚಿತ್ರದ ಧ್ವನಿಯು ಈಗ ಒಂದೇ ಪ್ರವಾಹವಾಗಿ ಬರುವುದಿಲ್ಲ. ಎದುರಿಗೆ ಎಡ, ಬಲ, ನಡು ಎಂದು ಮೂರು, ಕೇಳುಗನ ಪಾರ್ಶ್ವಗಳಲ್ಲಿ ಎರಡು, ಇವುಗಳ ಜೊತೆಗೆ ಗುಡುಗು ಸಿಡಿಲಿನಂಥ ಮಂದ್ರನಾದಗಳಿಗೆ ಮೀಸಲಾದ ಸಬ್‌ವೂಫರ್ ಒಂದು, ಹೀಗೆ ವಿಭಾಗಿಸಲ್ಪಟ್ಟ ಈ ಕ್ರಮಕ್ಕೆ 5.1 ಎಂದು ಹೆಸರು. 1992ರಲ್ಲಿ ಡಾಲ್ಬಿ ಡಿಜಿಟಲ್ ಎಂಬ ಪದ್ಧತಿಯು ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆಯೂ, ಮರುವರ್ಷ ಡಿಟಿಎಸ್ ಎಂಬುದು ‘ಜುರಾಸಿಕ್ ಪಾರ್ಕ್’ ಚಿತ್ರದೊಡನೆಯೂ ಚಿತ್ರಮಂದಿರಗಳನ್ನು ಹೊಕ್ಕು, ಕಾಲಕ್ರಮದಲ್ಲಿ ಮನೆಗಳಿಗೂ ಇಳಿದುವು. ಈ ಸಂಕೇತಗಳನ್ನು ಬಿಡಿಸಿ, ಒಂದೊಂದು ಧ್ವನಿಪೆಟ್ಟಿಗೆಗೂ ಅದರ ಪಾಲನ್ನು ಬಲಗೊಳಿಸಿ ಕಳುಹಿಸುವುದೇ ರಿಸೀವರಿನ ಕಾರ್ಯ. ಡಾಲ್ಬಿಯೆಂದೊಡನೆ ಮೆರವಣಿಗೆಯ ಮುಂದೆ ಎದೆ ನಡುಗಿಸುತ್ತ ಸಾಗುವ ಧ್ವನಿಗೋಪುರವನ್ನೇ ನಮ್ಮ ಕಡೆಯ ಹುಡುಗರು ನೆನೆಯುವುದರಿಂದ, ಮನೆಯ ಡಾಲ್ಬಿಯೂ ಹಾಗೆಯೇ ನಡುಗಿಸಬೇಕೆಂದು ಅಪೇಕ್ಷಿಸುವುದು ಅವರ ತಪ್ಪೆಂದು ನಾನು ಹೇಳಲಾರೆ.

ಈ ಅಪೇಕ್ಷೆಯಿಂದಲೇ ಕೊಳ್ಳುವವನ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್ ಐತ್ರಿ?’ ಎಂಬುದಾಗಿರುತ್ತದೆ, ಆ ಪ್ರಶ್ನೆಗೆ ಪೆಟ್ಟಿಗೆಯ ಮೇಲೆ ಅಚ್ಚಾದ ಉತ್ತರದಷ್ಟು ದಾರಿ ತಪ್ಪಿಸುವ ಸತ್ಯ ಮತ್ತೊಂದಿಲ್ಲ. ಯಮಹಾದ ಆರ್‌ಎಕ್ಸ್-ವಿ385 ಎಂಬ ಅಗ್ಗದ ಮಾದರಿಯನ್ನೇ ತೆಗೆದುಕೊಳ್ಳಬಹುದು. ಎರಡು ಧ್ವನಿಮಾರ್ಗಗಳನ್ನು ಒಟ್ಟಿಗೆ ದುಡಿಸಿ, ಕೇಳಿಸುವ ಸ್ವರವಿಸ್ತಾರವನ್ನೆಲ್ಲ ಒಳಗೊಂಡು, ವಿಕೃತಿಯನ್ನು ಅತ್ಯಲ್ಪವಾಗಿಟ್ಟು ಅಳೆದರೆ ಅದರ ಬಲ ಮಾರ್ಗವೊಂದಕ್ಕೆ 70 ವ್ಯಾಟ್; ಒಂದೇ ಮಾರ್ಗವನ್ನು ದುಡಿಸಿ, ಒಂದೇ ಸ್ವರವನ್ನು ನುಡಿಸಿ, ವಿಕೃತಿಯ ಮಿತಿಯನ್ನು ಹತ್ತುಪಟ್ಟು ಸಡಿಲಿಸಿ ಅಳೆದರೆ 100 ವ್ಯಾಟ್. ಎರಡೂ ನಿಜ, ಯಂತ್ರ ಒಂದೇ. ಜಾಹೀರಾತಿನಲ್ಲಿ ದೊಡ್ಡಕ್ಷರ ದೊರೆಯುವುದು ಯಾವ ಅಂಕಿಗೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲದೆ, ನಮ್ಮ ಕಿವಿಯು ಬಲದ ವೃದ್ಧಿಯನ್ನು ಕೂಡಿಕೆಯ ಲೆಕ್ಕದಲ್ಲಿ ಗ್ರಹಿಸುವುದಿಲ್ಲ: ವ್ಯಾಟುಗಳು ಇಮ್ಮಡಿಯಾದರೆ ಶಬ್ದವು ಏರುವುದು 3 ಡೆಸಿಬೆಲ್ ಮಾತ್ರ, ‘ಎರಡುಪಟ್ಟು ಜೋರು’ ಎನಿಸಬೇಕಾದರೆ ಹತ್ತುಪಟ್ಟು ಬಲ ಬೇಕು. 70ಕ್ಕೂ 100ಕ್ಕೂ ಇರುವ ಅಂತರ ಒಂದೂವರೆ ಡೆಸಿಬೆಲ್. ಪಡಸಾಲೆಯಲ್ಲಿ ಕುಳಿತು ಚಿತ್ರ ನೋಡುವವನು ಅದನ್ನು ಗುರುತಿಸುವುದು ಕಷ್ಟ.

ಹಾಗಾದರೆ ಒಬ್ಬನ ಮನೆಯಲ್ಲಿ ಯಂತ್ರ ಛಲೋ ಅನಿಸಿಕೊಂಡು, ಅದೇ ಯಂತ್ರ ಇನ್ನೊಬ್ಬನ ಮನೆಯಲ್ಲಿ ಬೈಗುಳ ತಿನ್ನುವುದೇಕೆ? ನಾನು ಬಲ್ಲ ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಒಂದು, ಕಬ್ಬು ಅರಿಸಿನಗಳ ಆದಾಯದಿಂದ ಊರ ಹೊರಗೆ ಕಟ್ಟಿಸಿದ ಹೊಸ ಬಂಗಲೆ: ಕನ್ನಡಿಯಂತೆ ಹೊಳೆಯುವ ಹಾಸುಗಲ್ಲು, ಬೋಳು ಗೋಡೆ, ಸಿಮೆಂಟಿನ ಚಾವಣಿ, ಗಾಜಿನ ಬಾಗಿಲುಗಳ ಷೋಕೇಸು. ಇನ್ನೊಂದು, ನೇಕಾರನ ಹಳೆಯ ಮಾಳಿಗೆಯ ಮನೆ: ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಿನ ಗೋಡೆ, ಮೇಲೆ ಜಂತಿ ತೊಲೆಗಳು, ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿದ ನೂಲಿನ ಗಂಟುಗಳು, ಮಾರಾಟಕ್ಕೆ ಕಾದಿರುವ ಸೀರೆಗಳ ಒಟ್ಟಿಲು. ಬಂಗಲೆಯಲ್ಲಿ ನಾಯಕನ ಮಾತೊಂದು ಮುಗಿಯುವ ಮೊದಲೇ ಅದರ ಪ್ರತಿಧ್ವನಿಯು ಮುಂದಿನ ಮಾತಿನ ಮೇಲೆ ಕುಳಿತು ಎಲ್ಲವೂ ಕಲಸುಮೇಲೋಗರವಾಗುತ್ತದೆ. ‘ಗದ್ಲ ಬಾಳ, ಮಾತು ತಿಳಿಯಂಗಿಲ್ಲ’ ಎಂಬುದೇ ಒಡೆಯನ ದೂರು. ನೇಕಾರನ ಮನೆಯಲ್ಲಾದರೋ, ಅಡ್ಡಾದಿಡ್ಡಿಯಾಗಿ ಬಿದ್ದಿರುವ ಆ ನೂಲಿನ ರಾಶಿಯೇ ಶಬ್ದವನ್ನು ಹೀರಿಕೊಂಡು, ಪಿಸುಮಾತನ್ನೂ ಸ್ಫುಟವಾಗಿ ಕೇಳಿಸುತ್ತದೆ.

ಇದರ ಹಿಂದಿನ ಶಾಸ್ತ್ರವು ಹುಟ್ಟಿದ ಬಗೆ ಸ್ವಾರಸ್ಯವಾದದ್ದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಫಾಗ್ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಯಾರಿಗೂ ತಿಳಿಯದಂತಾಗಲು, ಅದನ್ನು ಸರಿಪಡಿಸುವ ಹೊಣೆಯು ವ್ಯಾಲೆಸ್ ಸೇಬೈನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂದಿತು. ಉಚ್ಚರಿಸಿದ ಶಬ್ದವು ಅಲ್ಲಿ ಐದೂವರೆ ಸೆಕೆಂಡುಗಳ ಕಾಲ ಅನುರಣಿಸುತ್ತಿತ್ತು. ಸೇಬೈನನು ನೆರೆಯ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತಿನಲ್ಲಿ ಹೊತ್ತು ತರಿಸಿ, ಒಂದಿಷ್ಟು ಹರಡಿ ಅಳೆದು, ಮತ್ತಷ್ಟು ಹರಡಿ ಅಳೆದು, ಬೆಳಗಾಗುವುದರೊಳಗೆ ಹಿಂದಕ್ಕೆ ಮುಟ್ಟಿಸಿ, ಕೊಠಡಿಯ ಘನಗಾತ್ರಕ್ಕೂ ಅಲ್ಲಿರುವ ವಸ್ತುಗಳ ಹೀರುವ ಗುಣಕ್ಕೂ ಅನುರಣನದ ಅವಧಿಗೂ ಇರುವ ಸಂಬಂಧವನ್ನು ಸೂತ್ರರೂಪಕ್ಕೆ ತಂದನು. ತೇರದಾಳದಲ್ಲಿ ಮಾಂಡಲಿಕ ಗೊಂಕನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯಂಥ ಕಲ್ಲಿನ ಗುಡಿಗಳಲ್ಲಿ ಅನುರಣನವು ಮಂತ್ರಕ್ಕೆ ಗಾಂಭೀರ್ಯವನ್ನು ಕೊಡುತ್ತದೆ. ಸಿನಿಮಾದ ಸಂಭಾಷಣೆಗೆ ಅದು ಶತ್ರು. ಬಂಗಲೆಯ ಒಡೆಯನಿಗೆ ಪರಿಹಾರ ದೊರೆತದ್ದು ಅವನ ತಾಯಿಯ ಟ್ರಂಕಿನಲ್ಲಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದ ನಾಲ್ಕು ಕೌದಿಗಳನ್ನು ಹಿಂಗೋಡೆಗೆ ತೂಗುಹಾಕಿ, ನೆಲಕ್ಕೊಂದು ಜಮಖಾನ ಹಾಸಿದ ಮೇಲೆ, ಯಾವ ಹೊಸ ಯಂತ್ರವೂ ಬೇಕಾಗದೆ ಮಾತುಗಳು ಬಿಡಿಬಿಡಿಯಾದುವು. ಕೌದಿಯು ಹೀರುವುದು ಮುಖ್ಯವಾಗಿ ಎತ್ತರದ ಸ್ವರಗಳನ್ನು. ಸಬ್‌ವೂಫರಿನ ಗುಂಯ್‌ಗುಡುವಿಕೆಯನ್ನು ಅದು ತಡೆಯಲಾರದು. ಅದಕ್ಕೆ ಸಬ್‌ವೂಫರನ್ನೇ ಗೋಡೆಯ ಮೂಲೆಯಿಂದ ಸರಿಸಬೇಕು.

ಇಂದಿನ ಅಗ್ಗದ ರಿಸೀವರುಗಳಲ್ಲಿಯೂ ಅನೇಕಕ್ಕೆ ಒಂದು ಪುಟ್ಟ ಮೈಕ್ರೊಫೋನ್ ಜೊತೆಗೆ ಬರುತ್ತದೆ. ಕೂರುವ ಸ್ಥಳದಲ್ಲಿ ಕಿವಿಯ ಮಟ್ಟಕ್ಕೆ ಅದನ್ನಿರಿಸಿ ಗುಂಡಿಯೊತ್ತಿದರೆ, ಯಂತ್ರವು ಒಂದೊಂದೇ ಪೆಟ್ಟಿಗೆಯಿಂದ ಸದ್ದು ಹೊರಡಿಸಿ, ಅವುಗಳ ದೂರವನ್ನೂ ಬಲವನ್ನೂ ತಾನೇ ಅಳೆದುಕೊಳ್ಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಎದುರಿನ ಪೆಟ್ಟಿಗೆ ಹನ್ನೆರಡು ಅಡಿ ದೂರದಲ್ಲಿಯೂ ಬೆನ್ನ ಹಿಂದಿನದು ನಾಲ್ಕೇ ಅಡಿ ದೂರದಲ್ಲಿಯೂ ಇದ್ದರೆ, ಹಿಂದಿನ ಸದ್ದು ಸೆಕೆಂಡಿನ ಸಾವಿರದ ಏಳಂಶದಷ್ಟು ಮುಂಚಿತವಾಗಿ ಬರುತ್ತದೆ. ಆ ಹತ್ತಿರದ ಪೆಟ್ಟಿಗೆಯನ್ನು ಅಷ್ಟೇ ಹೊತ್ತು ತಡೆದು ನುಡಿಸುವುದು ರಿಸೀವರಿನ ಜಾಣತನ. ಆದರೆ ನೆರೆಮನೆಯಲ್ಲಿ ಮಗ್ಗ ನಡೆಯುತ್ತಿರುವಾಗ, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ ಈ ಅಳತೆಗೆ ತೊಡಗಿದವರಿಗೆ ವಿಚಿತ್ರವಾದ ಫಲ ದೊರೆಯುತ್ತದೆ. ಬಡಪಾಯಿ ಮೈಕು ಮಗ್ಗದ ಲಾಳಿಯ ಬಡಿತವನ್ನೂ ಲೆಕ್ಕಕ್ಕೆ ಹಿಡಿದುಬಿಡುತ್ತದೆ. ಓಣಿಯ ಮಗ್ಗಗಳಿಗೆ ಬಿಡುವಿರುವ ದಿನವನ್ನು ನೋಡಿಕೊಂಡು, ಫ್ಯಾನು ಆರಿಸಿ ಮಕ್ಕಳನ್ನು ಹೊರಗೆ ಕಳಿಸಿ ಇದನ್ನು ಮಾಡಬೇಕೆಂಬುದನ್ನು ಬನಹಟ್ಟಿಯ ಕಡೆಯವರು ಸ್ವಾನುಭವದಿಂದಲೇ ಕಲಿತಿದ್ದಾರೆ. ಕೈಪಿಡಿಯನ್ನು ಬರೆದ ಜಪಾನಿನ ಇಂಜಿನಿಯರನಿಗೆ ಮಗ್ಗದ ವಿಚಾರ ಹೊಳೆದಿರಲಾರದು.

ಮಗ್ಗದ ಕೋಣೆಯೊಳಗಿನ ಶಬ್ದವು ಸಾಮಾನ್ಯವಾಗಿ 90 ಡೆಸಿಬೆಲನ್ನು ಮೀರುತ್ತದೆ. ಗೋಡೆಯಾಚೆಯ ಪಡಸಾಲೆಗೆ ಅದರ ಒಂದಂಶ ಬಂದರೂ, ಚಿತ್ರದ ಮೆಲುಮಾತು ಅದರಡಿ ಮುಳುಗಿಹೋಗುತ್ತದೆ. ಮಾತು ಕೇಳಿಸಲೆಂದು ಒಟ್ಟು ಧ್ವನಿಯನ್ನೇರಿಸಿದರೆ ಹೊಡೆದಾಟದ ದೃಶ್ಯ ಬಂದಾಗ ಹಸುಗೂಸು ಚೀರಿಕೊಳ್ಳುತ್ತದೆ, ಮನೆಯಾಕೆ ಬಂದು ಗುಂಡಿ ತಿರುವುತ್ತಾಳೆ. ಸಂಭಾಷಣೆಯ ಬಹುಭಾಗವು ನಡುವಿನ ಪೆಟ್ಟಿಗೆಯಿಂದಲೇ ಹೊರಡುವುದರಿಂದ, ಅದೊಂದನ್ನು ಮಾತ್ರ ಎರಡು ಮೂರು ಡೆಸಿಬೆಲ್ ಏರಿಸಿ, ಸಣ್ಣ ದೊಡ್ಡ ಶಬ್ದಗಳ ಅಂತರವನ್ನು ತಗ್ಗಿಸುವ ರಾತ್ರಿಯ ವಿಧಾನವನ್ನು ಹಾಕಿಟ್ಟರೆ ಈ ಕಲಹ ಶಮನವಾಗುತ್ತದೆ. ಈ ಸೌಕರ್ಯವನ್ನು ವರ್ಷಗಟ್ಟಲೆ ಮುಟ್ಟಿಯೂ ನೋಡದೆ ಯಂತ್ರವನ್ನು ಶಪಿಸುತ್ತಿರುವವರು ಬಹಳ ಮಂದಿ.

ವಿದ್ಯುತ್ತಿನ ವಿಷಯವಂತೂ ಎಲ್ಲರ ಬಾಯಲ್ಲಿಯೂ ಇದೆ. ಹೋದ ಕರೆಂಟು ಮರಳಿ ಬರುವಾಗಿನ ಒಂದು ನೆಗೆತಕ್ಕೆ ಒಳಗಿನ ಬಿಡಿಭಾಗಗಳು ಬಲಿಯಾದುದನ್ನು ಕಂಡವರು, ಸ್ಟೆಬಿಲೈಸರಿನ ಖರ್ಚನ್ನೂ ರಿಸೀವರಿನ ಬೆಲೆಯಲ್ಲಿಯೇ ಸೇರಿಸಿ ಎಣಿಸುತ್ತಾರೆ. ಕೇಬಲ್ಲಿನ ತಂತಿಯಿಂದಲೋ ಸರಿಯಿಲ್ಲದ ಅರ್ತಿಂಗಿನಿಂದಲೋ ಹುಟ್ಟುವ ಗುಂಯ್ ಎಂಬ ಸತತ ನಾದಕ್ಕೆ ರಿಸೀವರ್ ಕೆಟ್ಟಿತೆಂದು ಬಿಚ್ಚಿಸಿದವರೂ ಉಂಟು. ಕೇಬಲ್ ತಂತಿಯನ್ನು ಕಿತ್ತೊಡನೆ ನಾದ ನಿಂತರೆ ದೋಷ ಎಲ್ಲಿಯದೆಂದು ಅಲ್ಲಿಯೇ ಗೊತ್ತಾಗುತ್ತದೆ. ನೇಕಾರರ ಮನೆಗೇ ವಿಶಿಷ್ಟವಾದ ಕಾಟವೆಂದರೆ ಗಾಳಿಯಲ್ಲಿ ತೇಲುವ ಹತ್ತಿಯ ನವಿರು. ಒಬ್ಬರ ರಿಸೀವರಿನ ಮೇಲ್ಮುಚ್ಚಳ ತೆಗೆದಾಗ ನಾನು ಕಂಡದ್ದು, ಶಾಖವನ್ನು ಹೊರಹಾಕುವ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ತೆಳುವಾದ ಹಾಸಿಗೆಯಂತೆ ಕುಳಿತಿದ್ದ ಕೆಂಪು ಹಳದಿ ನೂಲಿನ ಪುಡಿ; ಆ ವರ್ಷ ಅವರು ನೇಯ್ದ ಸೀರೆಗಳ ಬಣ್ಣ ಅದರಲ್ಲಿಯೇ ತಿಳಿಯುತ್ತಿತ್ತು. ಮೇಲಕ್ಕೆ ಏರಬೇಕಾದ ಬಿಸಿಗಾಳಿಗೆ ದಾರಿಯಿಲ್ಲದೆ ಯಂತ್ರವು ಬೇಸಿಗೆಯಲ್ಲಿ ಚಿತ್ರದ ನಡುವೆಯೇ ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತು. ಮೇಲ್ಮುಚ್ಚಳದ ಗಾಳಿಗಂಡಿಗಳ ಮೇಲೆ ಸೆಟ್‌ಟಾಪ್ ಪೆಟ್ಟಿಗೆಯನ್ನೋ ದೇವರ ಫೋಟೋವನ್ನೋ ಇಡುವವರಿಗೂ ಇದೇ ಗತಿ.

ಇಷ್ಟೆಲ್ಲ ಕೊಂಡ ಮೇಲೆ ಜನ ಕೇಳುವುದೇನನ್ನು? ಚಿತ್ರಗಳನ್ನು ರಾತ್ರಿ, ಹಗಲಿನಲ್ಲಿ ಮೊಬೈಲಿನಿಂದ ಬ್ಲೂಟೂತ್ ಮೂಲಕ ಶ್ರೀಕೃಷ್ಣ ಪಾರಿಜಾತದ ಹಾಡು, ಭಜನೆ, ಹಳೆಯ ಹಿಂದಿ ಗೀತ. ಇದೇ ಸೀಮೆಯ ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಚಿತ್ರದ ಗೀತಗಳಿಂದ ದೇಶಕ್ಕೆಲ್ಲ ಪರಿಚಿತಳಾದ ಅಮೀರಬಾಯಿ ಕರ್ನಾಟಕಿಯ ಧ್ವನಿಯನ್ನು ಐದು ಪೆಟ್ಟಿಗೆಗಳಿಂದ ಒಮ್ಮೆಲೇ ಹೊರಡಿಸಿ, ಸಬ್‌ವೂಫರಿನ ಗುದ್ದನ್ನೂ ಕೂಡಿಸಿ ಕೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಕಾಲದ ಧ್ವನಿಮುದ್ರಣವು ಒಂದೇ ಮಾರ್ಗದ್ದು. ಯಾವ ಯಂತ್ರವೂ ಅದರಲ್ಲಿಲ್ಲದ ಐದು ದಿಕ್ಕುಗಳನ್ನು ಸೃಷ್ಟಿಸಲಾರದು. ‘ಸ್ಟೀರಿಯೊ’ ಎಂಬ ಗುಂಡಿಯನ್ನೊತ್ತಿ ಎದುರಿನ ಎರಡೇ ಪೆಟ್ಟಿಗೆಗಳಲ್ಲಿ ಕೇಳಿದರೆ, ಅಗ್ಗದ ರಿಸೀವರು ಕೂಡ ಆ ಕಂಠದ ಮುರ್ಕಿಗಳನ್ನು ಚೆನ್ನಾಗಿಯೇ ಒಪ್ಪಿಸುತ್ತದೆ.

ಕೆಟ್ಟರೆ ರಿಪೇರಿ ಎಲ್ಲಿ ಎಂಬ ಪ್ರಶ್ನೆ ತಾಲೂಕಿನ ಊರುಗಳಲ್ಲಿ ವ್ಯಾಟಿನ ಪ್ರಶ್ನೆಗಿಂತ ದೊಡ್ಡದು. ಹತ್ತು ಕಿಲೋದಷ್ಟು ಭಾರದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತು ದೊಡ್ಡ ಊರಿಗೆ ಹೋಗಿ, ಬಿಲ್ಲಿಲ್ಲವೆಂದು ಮರಳಿ ಹೊತ್ತು ತಂದವರಿದ್ದಾರೆ. ದೂರದ ಜಪಾನಿನ ಏರುಪೇರುಗಳೂ ಇಲ್ಲಿಗೆ ಮುಟ್ಟುತ್ತವೆ: 2020ರ ಅಕ್ಟೋಬರಿನಲ್ಲಿ ನೊಬೆಯೋಕಾ ಎಂಬಲ್ಲಿನ ಅಸಾಹಿ ಕಸೈ ಸಂಸ್ಥೆಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಧ್ವನಿಸಂಕೇತವನ್ನು ಪರಿವರ್ತಿಸುವ ಚಿಪ್ಪುಗಳ ಅಭಾವವುಂಟಾಗಿ ರಿಸೀವರುಗಳು ದುರ್ಲಭವಾದುವು, 2022ರಲ್ಲಿ ಆಂಕ್ಯೊ ಎಂಬ ಹಳೆಯ ಹೆಸರಿನ ಗೃಹಧ್ವನಿ ಸಂಸ್ಥೆಯೇ ದಿವಾಳಿಯಾಯಿತು; ಆ ಹೆಸರು ಅದಕ್ಕೆ ಮೊದಲೇ ಬೇರೆಯವರ ಕೈಸೇರಿತ್ತು.

ಯಾವ ತಯಾರಕರದಾದರೂ ಈ ಯಂತ್ರಗಳಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಎಚ್‌ಡಿಎಂಐ ಹಲಗೆ, ಅಂದರೆ ಟಿವಿಯೊಡನೆ ಮಾತಾಡುವ ಭಾಗ. ಅದು ಸತ್ತರೂ ಧ್ವನಿಬಲ ನೀಡುವ ಭಾಗ ಗಟ್ಟಿಯಾಗಿಯೇ ಇರುವುದುಂಟು. ರಬಕವಿಯ ಒಬ್ಬ ಸೀರೆ ವ್ಯಾಪಾರಿಯ ಬಳಿ ಹೀಗೆ ಅರ್ಧ ಸತ್ತ ರಿಸೀವರೊಂದಿದೆ. ಟಿವಿಯಿಂದ ಆಪ್ಟಿಕಲ್ ತಂತಿಯನ್ನು ಎಳೆದು, 5.1ರ ಡಾಲ್ಬಿಯನ್ನು ಆ ತಂತಿಯಲ್ಲಿಯೇ ಬರಮಾಡಿಕೊಂಡು, ಅವರು ಅದನ್ನು ಇನ್ನೂ ನಡೆಸುತ್ತಿದ್ದಾರೆ. ಹೊಸದನ್ನು ಮುಂದಿನ ಹಂಗಾಮಿಗೆ ನೋಡಿದರಾಯಿತೆಂದು ಪ್ರತಿ ಹಂಗಾಮಿನಲ್ಲಿಯೂ ಹೇಳುತ್ತಾರೆ.