ನೈಟಿ ತುಂಡು, ಯೂನಿಫಾರ್ಮ್ ತುಂಡು

ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತ ಎಂಟು ತಿಂಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ, ‘ಎಲ್ಲಿಯಾದ್ರೂ ಕೆಲಸ ಆಯ್ತಾ?’. ಪಡುಬಿದ್ರಿ ಪೇಟೆಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಜನ ಕೇಳಿರುತ್ತಿದ್ದರು. ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿ ಅಮ್ಮನ ಹೊಲಿಗೆ ಮೆಷಿನ್ ಪಕ್ಕ ಕೂರತೊಡಗಿದೆ.

ಅಮ್ಮ ಟೈಲರ್. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್, ಉಳಿದಂತೆ ನೈಟಿ, ಚೂಡಿದಾರ, ರವಿಕೆ. ಮಂಚದಡಿಯ ಗೋಣಿ ತುಂಬ ತುಂಡು ಬಟ್ಟೆ. ಪಕ್ಕದ ಬಾಡಿಗೆ ಮನೆಯಲ್ಲಿರುವ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಅಕ್ಕ ಒಮ್ಮೆ ಅದನ್ನು ನೋಡಿ, ‘ಇಷ್ಟ್ ಅರಿಬಿ ಇಟ್ಕೊಂಡು ಒಂದ್ ಕೌದಿ ಹೊಲ್ದಿಲ್ಲೇನ್?’ ಎಂದರು. ಅವರದು ಹಳೆ ಸೀರೆಗಳನ್ನು ಪದರವಾಗಿ ಹಾಸಿ ಕೈಯಲ್ಲೇ ಹೊಲಿದ ಕೌದಿ. ನನಗೆ ಮಾತ್ರ ಮೊಬೈಲಿನಲ್ಲಿ ನೋಡಿದ ತ್ರಿಕೋನದ ವಿನ್ಯಾಸವೇ ಆಗಬೇಕಿತ್ತು.

ತ್ರಿಕೋನ ಕತ್ತರಿಸಿ ಜೋಡಿಸಿದರೆ ಬಟ್ಟೆ ಓರೆಯಲ್ಲಿ ಎಳೆದುಕೊಂಡು ಸೊಟ್ಟಗಾಗುತ್ತದೆ. ಅದಕ್ಕೊಂದು ಉಪಾಯವಿದೆ. ಐದು ಇಂಚಿನ ಎರಡು ಚೌಕ, ಒಂದು ಪ್ರಿಂಟ್, ಒಂದು ಪ್ಲೇನ್. ಮುಖಕ್ಕೆ ಮುಖ ಇಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿ ಕಾಲು ಇಂಚು ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸುವುದು. ಬಿಡಿಸಿದರೆ ಅರ್ಧ ಹೂವು, ಅರ್ಧ ಪ್ಲೇನ್ ಇರುವ ಎರಡು ಚೌಕ! ನಾಲ್ಕೂವರೆ ಇಂಚಿಗೆ ಸರಿಮಾಡಿ ಜೋಡಿಸಿದಾಗ ನಾಲ್ಕು ಇಂಚು ಉಳಿಯುತ್ತದೆ. ಮಗುವಿನ 36X48 ಇಂಚಿನ ಕೌದಿಗೆ ಇಂಥ 108 ಚೌಕ ಬೇಕು. ಅವನ್ನೇ ತಿರುಗಿಸಿಟ್ಟರೆ ಒಮ್ಮೆ ಅಂಕುಡೊಂಕು ಪಟ್ಟೆ, ಒಮ್ಮೆ ಜಾತ್ರೆಯ ಗಿರಗಟ್ಲೆ.

ಮೊದಲು ಬರೀ ನೈಟಿ ತುಂಡುಗಳನ್ನೇ ಹಾಸಿ ನೋಡಿದ್ದೆ. ಹೂವಿನ ಪಕ್ಕ ಹೂವು. ತ್ರಿಕೋನ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಯೂನಿಫಾರ್ಮಿನ ನೀಲಿ, ಬಿಳಿ ತುಂಡು ಸೇರಿಸಿದ ಮೇಲೆ ಗೆರೆಗಳು ಎದ್ದು ಬಂದವು. ಬಣ್ಣಕ್ಕಿಂತ ತಿಳಿ, ಗಾಢದ ವ್ಯತ್ಯಾಸ ಮುಖ್ಯ. ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದರೆ ಸಾಕು, ಯಾವ ಎರಡು ತುಂಡು ಒಂದರೊಳಗೊಂದು ಕರಗುತ್ತವೆ ಎಂದು ತಿಳಿಯುತ್ತದೆ.

ಕಾಪುವಿನ ಟೀಚರ್ ಒಬ್ಬರು ಮೊಮ್ಮಗಳಿಗೆಂದು ಅದನ್ನು 1,500 ರೂಪಾಯಿಗೆ ಕೊಂಡರು. ನನ್ನ ಮೊದಲ ಸಂಪಾದನೆ. ಹದಿನೈದು ದಿನದ ಬಳಿಕ ಅವರದ್ದೇ ಫೋನ್. ಒಂದೇ ಒಗೆತಕ್ಕೆ ಕೌದಿ ಹಪ್ಪಳದ ಹಾಗೆ ಸುಕ್ಕಾಗಿತ್ತು, ಬಿಳಿ ತ್ರಿಕೋನಕ್ಕೆ ಕೆಂಪು ಹತ್ತಿತ್ತು. ನೈಟಿಯ ಹತ್ತಿ ಬಟ್ಟೆ ಕುಗ್ಗಿದೆ, ಯೂನಿಫಾರ್ಮಿನ ಟೆರಿಕಾಟ್ ಕುಗ್ಗಿಲ್ಲ. ರವಿಕೆಯ ಲೈನಿಂಗನ್ನು ಅಮ್ಮ ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

‘ದುಡ್ಡು ವಾಪಸ್ ಕೊಟ್ಟು ಬಾ ಮಾರಾಯ್ತಿ. ಆಮೇಲೆ ಹೊಸತು ಹೊಲಿ’ ಎಂದರು ಅಮ್ಮ. ಅದರಲ್ಲಿ 400 ಅರ್ಜಿ ಶುಲ್ಕಕ್ಕೆ ಹೋಗಿತ್ತು; ಅವರಿಂದಲೇ ಸಾಲ ಪಡೆದು ಕಾಪುವಿಗೆ ಹೋಗಿ ಕೊಟ್ಟು ಬಂದೆ. ಟೀಚರ್ ಚಹಾ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಈಗ ಪ್ಲೇನ್ ಬಟ್ಟೆಗೆ ಹತ್ತಿಯ ಲೈನಿಂಗ್ ತುಂಡುಗಳನ್ನೇ ಆರಿಸುತ್ತೇನೆ. ಎಲ್ಲವನ್ನೂ ಮೊದಲು ಒಗೆದು, ಬಣ್ಣ ಬಿಡುವುದನ್ನು ಪಕ್ಕಕ್ಕೆ ಹಾಕುತ್ತೇನೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಹೂವು’ ಇಡುತ್ತಾರಂತೆ. ಟೀಚರ್ ಅವರ ಹೊಸ ಕೌದಿಗೂ ನಾಲ್ಕು ಮೂಲೆಗೆ ಹಾಗೇ ಇಡಬೇಕೆಂದಿದ್ದೇನೆ.

ಸೋಮವಾರ ಮಣಿಪಾಲದಲ್ಲಿ ಒಂದು ಸಂದರ್ಶನವಿದೆ. ಅಷ್ಟರೊಳಗೆ ಇನ್ನೂ 22 ಚೌಕ ಜೋಡಿಸಬೇಕು.