ಐದು ರೂಪಾಯಿ ಕ್ಯಾನ್ ನೀರಿನ ಲೆಕ್ಕಾಚಾರ

ನಾಣ್ಯ ಹಾಕಿದರೆ ವಸ್ತು ಕೊಡುವ ಯಂತ್ರ, ನಮಗೆ ತಿಳಿದ ಮಟ್ಟಿಗೆ, ಮೊಟ್ಟಮೊದಲು ಮಾರಿದ್ದು ಏನನ್ನು ಗೊತ್ತೇ? ನೀರನ್ನು! ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಹೀರೋ ಎಂಬ ಪಂಡಿತ ಇಂಥದೊಂದು ಯಂತ್ರವನ್ನು ವರ್ಣಿಸಿದ್ದಾನೆ. ದೇವಾಲಯಕ್ಕೆ ಬಂದ ಭಕ್ತ ನಾಣ್ಯ ಹಾಕುತ್ತಾನೆ. ನಾಣ್ಯದ ಭಾರಕ್ಕೆ ಸನ್ನೆಯ ತಟ್ಟೆ ಕೆಳಗಿಳಿದು ನಳದ ಬಾಯಿ ತೆರೆಯುತ್ತದೆ. ತಟ್ಟೆ ಓರೆಯಾಗಿ ನಾಣ್ಯ ಜಾರಿ ಬಿದ್ದೊಡನೆ ತೀರ್ಥ ನಿಲ್ಲುತ್ತದೆ. ಪುಕ್ಕಟೆ ತೀರ್ಥ ಎತ್ತಿಕೊಳ್ಳುವವರು ಆಗಲೂ ಇದ್ದರೆಂದು ಕಾಣುತ್ತದೆ.

ನಮ್ಮಲ್ಲಿ ಈ ಯಂತ್ರ ಮನೆಮಾತಾದದ್ದು ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಹೆಸರಿನಿಂದ. 2010ರ ದಶಕದಲ್ಲಿ ರಾಜ್ಯ ಸರ್ಕಾರ ಹಳ್ಳಿಗಳಲ್ಲಿ ಇಂಥ ಘಟಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹಾಕಿಸಿತು. ಬೆಂಗಳೂರಿನಲ್ಲಿ 5 ರೂಪಾಯಿಗೆ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಬರುವುದು ಎಷ್ಟೋ ಮನೆಗಳ ದಿನಚರಿಯಾಯಿತು. 2024ರಲ್ಲಿ ನಗರದಲ್ಲಿ ನೀರಿಗೆ ಹಾಹಾಕಾರವೆದ್ದಾಗ ಹಲವು ಘಟಕಗಳಲ್ಲಿ ಅದೇ ಕ್ಯಾನಿನ ದರ 10 ರೂಪಾಯಿಗೇರಿತು.

ಡಿಗ್ರಿ ಮುಗಿಸಿದ ಮಗನಿಗೆ ಇಂಥದೊಂದು ಘಟಕ ಹಾಕಿಕೊಟ್ಟರೆ ಹೇಗೆ ಎಂದು ಯೋಚಿಸುವ ತಂದೆತಾಯಿಗಳು ಈಗ ಕಡಿಮೆಯೇನಿಲ್ಲ. ‘ನೀರು ಭೂಮಿಯದು, ದುಡ್ಡು ನಮ್ಮದು’ ಎಂಬ ಲೆಕ್ಕ ಕೇಳಲು ಸೊಗಸಾಗಿದೆ. ಕಾಗದದ ಮೇಲೆ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ.

ದಿನಕ್ಕೆ 200 ಕ್ಯಾನ್, ಕ್ಯಾನಿಗೆ 5 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 30,000 ರೂಪಾಯಿ ಬಂತು. ನೋಡಿಕೊಳ್ಳುವ ಆಳಿಗೆ 12,000, ಜಾಗದ ಬಾಡಿಗೆ 4,000, ಫಿಲ್ಟರು, ರಾಸಾಯನಿಕ, ಚಿಲ್ಲರೆ ರಿಪೇರಿಗೆ 2,000, ವಿದ್ಯುತ್ತಿಗೆ 6,000 ಹೋಯಿತೆನ್ನಿ. ಕೈಯಲ್ಲಿ ಉಳಿದದ್ದು 6,000. ಇವು ಉದಾಹರಣೆಯ ಅಂಕಿಗಳು. ನಿಮ್ಮೂರಿನ ಬಾಡಿಗೆ, ಸಂಬಳ, ವಿದ್ಯುತ್ ದರ ಹಾಕಿಕೊಂಡು ಮತ್ತೊಮ್ಮೆ ಮಾಡಿ. ಈಗ ಮಾರಾಟ ಅರ್ಧಕ್ಕಿಳಿಯಿತು ಎನ್ನಿ. ವಿದ್ಯುತ್ತು ಅರ್ಧವಾದೀತು, ಆದರೆ ಸಂಬಳ ಬಾಡಿಗೆಗಳು ಅರ್ಧವಾಗುವುದಿಲ್ಲ. ಬಂದದ್ದು 15,000, ಹೋದದ್ದು 21,000. ತಿಂಗಳಿಗೆ 6,000 ಕೈಯಿಂದ ಹಾಕಬೇಕು! ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ದಿನಕ್ಕೆ 150 ಕ್ಯಾನ್ ಹೋಗಲೇಬೇಕು. ಯಂತ್ರಕ್ಕೆ ತಂದ ಬ್ಯಾಂಕ್ ಸಾಲದ ಕಂತು ಇದರಲ್ಲಿ ಸೇರಿಲ್ಲ. ಮೆಂಬ್ರೇನ್ ಬದಲಿಸಲು ಎತ್ತಿಡಬೇಕಾದ ಹಣವೂ ಸೇರಿಲ್ಲ.

ಈ ಮೆಂಬ್ರೇನೇ ಘಟಕದ ಜೀವ. ಪಠ್ಯಪುಸ್ತಕದಲ್ಲಿ ಓದುವ ಅಭಿಸರಣೆಯನ್ನು ಒತ್ತಡ ಹಾಕಿ ಹಿಮ್ಮುಖಗೊಳಿಸುವುದೇ ಆರ್.ಓ. ವಿಧಾನ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಒಗ್ಗುವ ಪೊರೆಯನ್ನು ಸಿದ್ಧಪಡಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಕೊಳವೆಬಾವಿಯ ನೀರು ಮೊದಲು ಮರಳು ಮತ್ತು ಇದ್ದಿಲಿನ ಫಿಲ್ಟರುಗಳನ್ನು ದಾಟಿ, ಆಮೇಲೆ ಈ ಪೊರೆಯೊಳಗೆ ನುಗ್ಗುತ್ತದೆ. ನಮ್ಮ ಬಯಲುಸೀಮೆಯ ಗಡಸು ನೀರಿಗೆ ಪೊರೆಯ ಮೇಲೆ ಸುಣ್ಣದಂಥ ಹೊರೆ ಬೇಗ ಕಟ್ಟುತ್ತದೆ. ಅದನ್ನು ತಡೆಯುವ ರಾಸಾಯನಿಕ ಮುಗಿದ ದಿನ ‘ನಾಳೆ ತಂದರಾಯಿತು’ ಎಂದವರು ಹೊಸ ಮೆಂಬ್ರೇನಿಗೆ ದುಡ್ಡು ಹೊಂದಿಸಬೇಕಾಗುತ್ತದೆ. ಎಷ್ಟೋ ಊರುಗಳಲ್ಲಿ ಬೀಗ ಜಡಿದು ನಿಂತಿರುವ ಘಟಕಗಳ ಕಥೆ ಇಂಥ ಸಣ್ಣ ಉದಾಸೀನದಿಂದಲೇ ಶುರುವಾದದ್ದು.

ದುಡ್ಡಿನ ಮಾತು ಹಾಗಿರಲಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮಕ್ಕಳ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮೂಡುವ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಪೆಟ್ಟು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಲ್ಲಿನ ತಾಯಂದಿರು ಸರತಿಯಲ್ಲಿ ನಿಂತು ನಾಣ್ಯ ಹಾಕುವುದು ಇದನ್ನು ನಂಬಿ.

ಘಟಕದವರು ಕಿಸೆಯಿಂದ ಟಿ.ಡಿ.ಎಸ್. ಮೀಟರ್ ತೆಗೆದು ‘ನೋಡಿ, ಬರೀ 60’ ಎಂದು ತೋರಿಸುವುದುಂಟು. ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅದರಿಂದ ಒಟ್ಟು ಲವಣಾಂಶದ ಅಂದಾಜು ಸಿಗುತ್ತದೆ. ದಿನೇ ದಿನೇ ಅಂಕಿ ಏರುತ್ತಿದ್ದರೆ ಮೆಂಬ್ರೇನ್ ಸೋತಿದೆ ಎಂದು ತಿಳಿಯಬಹುದು. ಆದರೆ ಫ್ಲೋರೈಡ್ ಎಷ್ಟಿದೆ, ರೋಗಾಣು ಇದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ವರದಿಯನ್ನು ತಾರೀಖಿನ ಸಮೇತ ಗೋಡೆಗೆ ಅಂಟಿಸುವ ಮಾಲೀಕನ ಬಳಿಗೆ ನಾನಾದರೆ ಒಂದು ಫರ್ಲಾಂಗು ಹೆಚ್ಚು ನಡೆದೇನು.

ಇನ್ನೊಂದು ಮಾತು. ನಳದಿಂದ ಬಿದ್ದ ನೀರು ಎಷ್ಟೇ ಶುದ್ಧವಾಗಿರಲಿ, ಕ್ಯಾನಿನೊಳಗೆ ಹಸಿರು ಪಾಚಿ ಕಟ್ಟಿದ್ದರೆ ಏನು ಬಂತು? ಅತಿನೇರಳೆ ದೀಪ ತನ್ನೆದುರು ಹಾದುಹೋಗುವ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು, ಕ್ಲೋರಿನ್ನಿನಂತೆ ನೀರಿನೊಡನೆ ಮನೆಯವರೆಗೆ ಕಾವಲು ಬರುವುದಿಲ್ಲ.

ವ್ಯರ್ಥ ನೀರಿನ ಪ್ರಶ್ನೆಯೂ ಇದೆ. ಬಂದ ನೀರಿನಲ್ಲಿ ಅರ್ಧ ಹೊರಹೋಗುವ ಯಂತ್ರವಾದರೆ 200 ಕ್ಯಾನ್ ಮಾರಲು ದಿನಕ್ಕೆ 8,000 ಲೀಟರ್ ಎತ್ತಬೇಕು. ಮೋರಿಗೆ ಹೋಗುವ 4,000 ಲೀಟರಿನಲ್ಲಿ ಲವಣ, ಫ್ಲೋರೈಡ್ ಹೆಚ್ಚುಕಡಿಮೆ ಇಮ್ಮಡಿ. ನೆಲ ತೊಳೆಯಲು, ಶೌಚಾಲಯಕ್ಕೆ ಅದು ಸಾಕು. ತೆಂಗಿನ ಬುಡಕ್ಕೆ ಹಾಯಿಸುವ ಮುನ್ನ ಪರೀಕ್ಷೆ ಮಾಡಿಸಿ, ಅದೇ ಕೊಳವೆಬಾವಿಯ ಪಕ್ಕದಲ್ಲಂತೂ ಇಂಗಿಸಬೇಡಿ.

ಇಷ್ಟಾದರೂ ಮನಸ್ಸಿದ್ದರೆ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಹತ್ತಿರದ ಘಟಕವೊಂದರ ಎದುರು ಬೆಳಿಗ್ಗೆ 6ರಿಂದ 9, ಸಂಜೆ 5ರಿಂದ 8, ಒಂದು ವಾರ ಕೂತು ಎಷ್ಟು ಕ್ಯಾನ್ ತುಂಬಿತೆಂದು ಮಗನೇ ಎಣಿಸಲಿ. ಏಪ್ರಿಲ್‌ನಲ್ಲಿ ಎಣಿಸಿದರೆ ಎಲ್ಲ ಘಟಕವೂ ಲಾಭದ್ದೇ. ಜುಲೈನ ಜಡಿಮಳೆಯಲ್ಲಿ ಎಣಿಸಲಿ.